ಜಾಂಘಿಕ

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಅದರ ದ್ವಿತೀಯಕಾಂಡದ ಕ್ಷತ್ರಿಯವರ್ಗದಲ್ಲಿ ಓಟಗಾರರ ಹೆಸರುಗಳು ಬರುವ ಸ್ಥಳವು ನೆನಪಿರಬಹುದು. ಮೇಲುಕೋಟೆಯ ಪಾಠಶಾಲೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಹುಡುಗರು ಬೆಳಗಿನ ಜಾವದ ಚಳಿಯಲ್ಲಿ ಕುಳಿತು, ಅರ್ಥದ ಗೊಡವೆಯಿಲ್ಲದೆ, ರಾಗವಾಗಿ ಅದನ್ನು ಒಪ್ಪಿಸುತ್ತಿದ್ದೆವು. ಅಲ್ಲಿ ಅಮರಸಿಂಹನು ಓಡುವವರಲ್ಲಿ ಎರಡು ಬಗೆ ಮಾಡುತ್ತಾನೆ. ಅತಿವೇಗವಾಗಿ ಓಡಬಲ್ಲವನು ಜಂಘಾಲ. ಕಾಲುಗಳನ್ನೇ ನೆಚ್ಚಿ ಬಾಳುವವನು, ಎಂದರೆ ಓಲೆಯನ್ನೋ ವಾರ್ತೆಯನ್ನೋ ಹೊತ್ತು ಊರಿಂದೂರಿಗೆ ಹೋಗುವವನು, ಜಾಂಘಿಕ. ಎರಡು ಶಬ್ದಗಳೂ ಜಂಘೆಯಿಂದಲೇ ಹುಟ್ಟಿದವು. ಆದರೂ ಕೋಶಕಾರನು ಇವನ್ನು ಪರ್ಯಾಯಪದಗಳೆಂದು ಕೂಡಿಸದೆ ಬೇರೆ ಬೇರೆಯಾಗಿಟ್ಟಿದ್ದಾನೆ. ವೇಗವಿಲ್ಲದೆಯೂ ಒಬ್ಬನು ಜಾಂಘಿಕನಾಗಿರಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. ಹೀಗೆ ಸಿದ್ಧವಾಗುವುದರಲ್ಲಿ ನನಗೆ ಸ್ವಲ್ಪ ಸ್ವಾರ್ಥವುಂಟು. ಅರುವತ್ತಾರು ವರ್ಷದ ನಾನು ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಹಣ ತೆತ್ತು, ಎದೆಗೆ ನಂಬರಿನ ಚೀಟಿ ಸಿಕ್ಕಿಸಿಕೊಂಡು, ಸಾವಿರಾರು ಜನರೊಡನೆ ಪಂದ್ಯದಲ್ಲಿಯೂ ಓಡುತ್ತೇನೆ. ಒಮ್ಮೆಯೂ ಗೆದ್ದಿಲ್ಲ, ಗೆಲ್ಲುವ ಸಂಭವವೂ ಇಲ್ಲ.

ವಾಚಕರು ನನ್ನನ್ನು ದೊಡ್ಡ ಕ್ರೀಡಾಪಟುವೆಂದು ಭಾವಿಸಿ ಮೋಸಹೋಗಬಾರದಾದುದರಿಂದ ನನ್ನ ಅಂತಸ್ತನ್ನು ಮೊದಲೇ ಹೇಳಿಬಿಡುತ್ತೇನೆ. ಮ್ಯಾರಥಾನ್ ಎಂಬ ಓಟದ ದೂರ ೪೨ ಕಿಲೋಮೀಟರು ೧೯೫ ಮೀಟರು. ನಾನು ಓಡುವುದು ಅದರಲ್ಲಿ ಅರ್ಧ. ಈ ಅರ್ಧವನ್ನು ನಾನು ಅತ್ಯಂತ ಬೇಗನೆ ಮುಗಿಸಿದ್ದು ೨೦೨೦ರ ಜನವರಿಯಲ್ಲಿ. ಆಗ ಹಿಡಿದ ಕಾಲ ೨ ಗಂಟೆ ೨೭ ನಿಮಿಷ. ೨೦೨೩ರ ಅಕ್ಟೋಬರಿನಲ್ಲಿ ಷಿಕಾಗೋ ನಗರದಲ್ಲಿ ಕೀನ್ಯಾ ದೇಶದ ಕೆಲ್ವಿನ್ ಕಿಪ್ಟಮ್ ಎಂಬ ತರುಣನು ಪೂರ್ತಿ ದೂರವನ್ನು ೨ ಗಂಟೆ ೩೫ ಸೆಕೆಂಡಿನಲ್ಲಿ ಓಡಿದನು. ನಾನು ಆತನ ಜೊತೆಯಲ್ಲಿ ಹೊರಟಿದ್ದರೆ, ಆತನು ಪೂರ್ತಿಯನ್ನು ಮುಗಿಸಿ ನಿಂತಾಗ ನನಗೆ ಅರ್ಧ ಮುಗಿಯಲು ಇನ್ನೂ ಸುಮಾರು ನಾಲ್ಕು ಕಿಲೋಮೀಟರು ಬಾಕಿಯಿರುತ್ತಿತ್ತು. ಆ ತರುಣನು ನಾಲ್ಕು ತಿಂಗಳಲ್ಲಿ, ೨೦೨೪ರ ಫೆಬ್ರವರಿಯಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೇ ಮೋಟಾರು ಅಪಘಾತದಲ್ಲಿ ತೀರಿಹೋದನು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ, ಗುರುತುಪರಿಚಯವಿಲ್ಲದ ಅವನಿಗಾಗಿ ನನ್ನ ಮನಸ್ಸು ಏಕೆ ಅಷ್ಟು ಮರುಗಿತೋ ತಿಳಿಯದು. ಇರಲಿ. ಸಾವಿರ ಮಂದಿ ಓಡುವಲ್ಲಿ ನನ್ನ ಹೆಸರು ಐನೂರೈವತ್ತಕ್ಕೂ ಏಳುನೂರಕ್ಕೂ ನಡುವೆ ಎಲ್ಲಿಯೋ ಇರುತ್ತದೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನ ಭಾಷೆಯಲ್ಲಿ ಹೇಳುವುದಾದರೆ, ತೇರ್ಗಡೆ. ಷರಾ ಏನೂ ಇಲ್ಲ.

ಓಟದ ಚರಿತ್ರೆಯನ್ನು ಬರೆಯುವವರು ಜಂಘಾಲರ ಚರಿತ್ರೆಯನ್ನು ಮಾತ್ರ ಬರೆಯುತ್ತಾರೆ. ಬರೆಯಲಿ, ಅದೂ ಬೇಕಾದುದೇ. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಹೆಸರನ್ನು ಎಷ್ಟು ಮಂದಿ ಕನ್ನಡಿಗರು ಬಲ್ಲರು? ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯದಲ್ಲಿ ಹಳ್ಳಿಗರು ಬರಿಗಾಲಿನಲ್ಲಿ ಓಡಿದ್ದನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರು ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕಳುಹಿಸಲು ಉದ್ಯುಕ್ತರಾದರು. ಆ ತಂಡದಲ್ಲಿ ಹೋದ ಚೌಗುಲೆಯವರು ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಈಗಿರುವ ಪ್ರಮಾಣವು ೧೯೦೮ರ ಲಂಡನ್ ಓಟದಿಂದ ಬಂದುದಾದರೂ ನಿಶ್ಚಿತವಾದದ್ದು ೧೯೨೧ರಲ್ಲಿ. ಆದಕಾರಣ ಆಂಟ್‌ವರ್ಪಿನ ಮಾರ್ಗವು ಇನ್ನೂ ಉದ್ದವಾಗಿ, ೪೨ ಮುಕ್ಕಾಲು ಕಿಲೋಮೀಟರು ಇದ್ದಿತು. ಅವರಿಗೆ ಹಿಡಿದ ಕಾಲ ೨ ಗಂಟೆ ೫೦ ನಿಮಿಷ ೪೫ ಸೆಕೆಂಡು. ಹೆಚ್ಚುಕಡಮೆ ಅಷ್ಟೇ ಕಾಲವನ್ನು ಈಗ ನಾನು ಅರ್ಧಕ್ಕೆ ತೆಗೆದುಕೊಳ್ಳುತ್ತೇನೆ.

ಜಾಂಘಿಕರ ಚರಿತ್ರೆಯಾದರೋ ಹೆಸರಿಲ್ಲದ ಚರಿತ್ರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ೧೬೭೨ರಲ್ಲಿ, ಏರ್ಪಟ್ಟ ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಗುವವರೆಗೆ ಎಷ್ಟು ಸಾವಿರ ಕಾಲುಗಳು ಈ ಸೀಮೆಯ ದಾರಿಗಳನ್ನು ತುಳಿದವೋ ಲೆಕ್ಕವಿಟ್ಟವರಿಲ್ಲ. ಆಮೇಲೆಯೂ ಬಹುಕಾಲ ಹಳ್ಳಿಗಳಿಗೆ ಟಪಾಲು ಬರುತ್ತಿದ್ದುದು ಕಾಲಿನ ಮೇಲೆಯೇ. ತಾವು ಹುಡುಗಿಯಾಗಿದ್ದಾಗ ಗುಡ್ಡದ ತಿರುವಿನಲ್ಲಿ ಗೆಜ್ಜೆಗೋಲಿನ ಸದ್ದು ಕೇಳಿದರೆ ಟಪಾಲಿನವನು ಬಂದನೆಂದು ಬಾಗಿಲಿಗೆ ಓಡುತ್ತಿದ್ದುದಾಗಿ ನಮ್ಮ ಅಜ್ಜಿಯವರು ಹೇಳುತ್ತಿದ್ದರು. ಅವನು ಎಷ್ಟು ಬೇಗ ಬಂದನೆಂದು ಯಾರೂ ಕೇಳುತ್ತಿರಲಿಲ್ಲ. ಬಂದನೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ನಾನು ಈ ವೃತ್ತಿಗೆ ಬಿದ್ದದ್ದು ೨೦೧೭ರಲ್ಲಿ, ನಿವೃತ್ತಿಗೆ ಎರಡು ವರ್ಷ ಮುಂಚೆ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿಯು ಶೇಕಡ ೮.೨ ಇದೆಯೆಂದೂ, ಅದು ೭ರ ಕೆಳಗಿಳಿಯಬೇಕೆಂದೂ, ಮಾತ್ರೆಯ ಜೊತೆಗೆ ದಿನಕ್ಕೆ ಒಂದು ಗಂಟೆ ನಡೆಯಬೇಕೆಂದೂ ಅಪ್ಪಣೆ ಮಾಡಿದರು. ಮಂಡ್ಯದಲ್ಲಿ ನಡೆಯುವುದಕ್ಕೆ ದಾರಿಯೇನು ಕಡಮೆಯೆ? ವಿಶ್ವೇಶ್ವರಯ್ಯ ನಾಲೆ ಎಂದರೆ ನಮ್ಮ ಹಿರಿಯರ ಬಾಯಲ್ಲಿ ಇರ್ವಿನ್ ನಾಲೆ. ಅದರ ಕವಲುಗಳೂ ಕವಲಿನ ಕವಲುಗಳೂ ಊರ ಸುತ್ತ ಹಬ್ಬಿವೆ. ಅಂಥದೊಂದು ಏರಿಯ ಮೇಲೆ ನಾನು ಹೋಗುತ್ತಿರುವಾಗ ಪ್ರತಿದಿನವೂ ಒಬ್ಬ ದೃಢಕಾಯನು ನನ್ನನ್ನು ದಾಟಿ ಓಡಿಹೋಗುವನು. ನಾಲ್ಕನೆಯ ದಿನ ಅವನು ನಿಂತು, “ನಮಸ್ಕಾರ ಸಾರ್, ಗುರುತು ಸಿಕ್ಕಿತೇ?” ಎಂದನು. ಸಿಕ್ಕಿತು. ಹತ್ತನೆಯ ತರಗತಿಯಲ್ಲಿ ಸಂಸ್ಕೃತಕ್ಕೆ ಮೂವತ್ತೈದು ಅಂಕ ಪಡೆದು ದಾಟಿದ ಹುಡುಗ. ಈಗ ಪೋಲೀಸು ಇಲಾಖೆಯಲ್ಲಿದ್ದಾನೆ. ಆ ಮೂವತ್ತೈದು ನ್ಯಾಯವಾದುದೇ ಎಂಬುದು ಈಗಲೂ ನನ್ನ ಮತ. ಅವನು, “ಸಾರ್, ಆ ದೀಪದ ಕಂಬದಿಂದ ಈ ಕಂಬದವರೆಗೆ ಮೆಲ್ಲಗೆ ಓಡಿ, ಆಮೇಲೆ ಎರಡು ಕಂಬ ನಡೆಯಿರಿ,” ಎಂದನು. ಓಡಿದೆ. ಎದೆ ಡಮರುಗವಾಯಿತು. ಮರುದಿನ ಪುನಃ ಒಂದು ಕಂಬ. ಹೀಗೆ ಕಂಬದ ಮೇಲೆ ಕಂಬ ಕೂಡಿಸುತ್ತ ಕೂಡಿಸುತ್ತ ಎಂಟು ತಿಂಗಳಲ್ಲಿ ಐದು ಕಿಲೋಮೀಟರು ನಿಲ್ಲದೆ ಓಡುವವನಾದೆನು. ಪಾಠ ಹೇಳುವ ಕ್ರಮದಲ್ಲಿ ಅವನು ನನಗಿಂತ ತಾಳ್ಮೆಯುಳ್ಳವನೆಂದು ಬೇರೆ ಹೇಳಬೇಕಾಗಿಲ್ಲ.

ಓಟಕ್ಕಿಂತ ಕಷ್ಟವಾದದ್ದು ವೇಷ. ಮೂವತ್ತನಾಲ್ಕು ವರ್ಷ ಪಂಚೆ, ಮುಚ್ಚುಕೋಟುಗಳಲ್ಲಿ ಬೀದಿಯಲ್ಲಿ ನಡೆದವನು ಮಂಡಿ ಕಾಣುವ ಚಡ್ಡಿಯಲ್ಲಿ ಹೊರಡುವುದೆಂದರೆ ಸಾಮಾನ್ಯವೆ? ಮೊದಲ ಎರಡು ತಿಂಗಳು ಕಚ್ಚೆಪಂಚೆಯಲ್ಲಿಯೇ ಓಡಿದೆನು. ಮಳೆಗಾಲ ಬಂದು ಒದ್ದೆಯ ಪಂಚೆಯು ಕಾಲಿಗೆ ಸುತ್ತಿಕೊಳ್ಳಲಾಗಿ, ಮಗನು ಬೆಂಗಳೂರಿನಿಂದ ತಂದುಕೊಟ್ಟ ಉದ್ದ ಷರಾಯಿಗೆ ಒಪ್ಪಿದೆನು. ಚಡ್ಡಿಗೆ ಇಳಿದದ್ದು ಮೂರನೆಯ ವರ್ಷ, ಅದೂ ಕತ್ತಲಿರುವಾಗ ಹೊರಟು ಹೊತ್ತು ಮೂಡುವುದರೊಳಗೆ ಮನೆ ಸೇರುವ ಷರತ್ತಿನ ಮೇಲೆ. ಕಬ್ಬಿನ ಗದ್ದೆಗೆ ನೀರು ಕಟ್ಟುವುದಕ್ಕೆ ಬಂದ ಗೌಡರು, “ಯಾಕ್ ಮೇಷ್ಟ್ರೇ, ಯಾರಾದ್ರೂ ಅಟ್ಟಿಸ್ಕೊಂಡ್ ಬತ್ತಾವ್ರಾ?” ಎನ್ನುವರು. ಇನ್ನೊಬ್ಬರು, “ಬಸ್ಸು ತಪ್ಪೋಯ್ತಾ ಸಾಮಿ?” ಎನ್ನುವರು. ಈ ಎರಡು ಪ್ರಶ್ನೆಗಳಿಗೂ ಎಂಟು ವರ್ಷದಿಂದ ನಕ್ಕು ಮುಂದೆ ಹೋಗುತ್ತಿದ್ದೇನೆ. ಪ್ರಶ್ನೆ ಕೇಳುವವರಿಗೂ ಬೇಸರವಿಲ್ಲ, ನಗುವವನಿಗೂ ಬೇಸರವಿಲ್ಲ.

ನಾಲ್ಕೂವರೆಗೆ ಏಳುವುದು, ಒಂದು ಬಾಳೆಯ ಹಣ್ಣು, ಅರ್ಧ ಲೋಟ ನೀರು, ಐದಕ್ಕೆ ಏರಿಯ ಮೇಲೆ, ಇದು ಕ್ರಮ. ವಾರದಲ್ಲಿ ಮೂರು ದಿನ ಆರೇಳು ಕಿಲೋಮೀಟರು, ಭಾನುವಾರ ಹದಿನಾಲ್ಕರಿಂದ ಹದಿನೆಂಟು. ಒಂದೇ ದಾರಿಯನ್ನು ಎಂಟು ವರ್ಷ ಓಡಿದರೆ ಬೇಸರವಾಗದೇ ಎಂದು ಕೇಳುವವರುಂಟು. ಒಂದೇ ಪುಸ್ತಕವನ್ನು ಮೂವತ್ತನಾಲ್ಕು ವರ್ಷ ಪಾಠ ಹೇಳಿದವನನ್ನು ಕೇಳತಕ್ಕ ಪ್ರಶ್ನೆಯೇ ಇದು? ನಾಲೆಗೆ ನೀರು ಬಿಟ್ಟ ದಿನ ಏರಿಯ ಮೇಲಿನ ಗಾಳಿಯೇ ಬೇರೆ. ನೀರು ನಿಂತ ಬೇಸಗೆಯಲ್ಲಿ ತಳದ ಕೆಸರು ಒಡೆದು, ಅಲ್ಲಲ್ಲಿ ಉಳಿದ ಮಡುಗಳ ಸುತ್ತ ಬೆಳ್ಳಕ್ಕಿಗಳು ಒಂಟಿಕಾಲಿನಲ್ಲಿ ನಿಂತಿರುತ್ತವೆ. ಭತ್ತದ ನಾಟಿಯ ಕಾಲದಲ್ಲಿ ಗದ್ದೆಗಳೆಲ್ಲ ಕನ್ನಡಿ. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆಯ ಹೊಗೆ ಏರಿಯುದ್ದಕ್ಕೂ ತಗ್ಗಿ ಹರಡಿ, ಕುದಿಯುವ ಹಾಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಸಕ್ಕರೆಯ ರೋಗಿಯಾದವನು ಈ ವಾಸನೆಯ ಮಧ್ಯೆ ಓಡುವುದು ದೇವರ ವಿನೋದವೆಂದೇ ಹೇಳಬೇಕು. ಆಲೆಮನೆಯ ಯಜಮಾನರೊಬ್ಬರು ಬಿಸಿ ಬೆಲ್ಲದ ಚೂರೊಂದನ್ನು ಕಬ್ಬಿನ ಗರಿಯ ಮೇಲಿಟ್ಟು ಕೈನೀಡಿ ನಿಲ್ಲುವುದುಂಟು. ಭಾನುವಾರದ ದೂರದ ಓಟವಾದರೆ ತೆಗೆದುಕೊಳ್ಳುತ್ತೇನೆ. ಉಳಿದ ದಿನ ಕೈಮುಗಿಯುತ್ತೇನೆ. ಇದಕ್ಕೆ ಶಾಸ್ತ್ರವುಂಟು. ಓಡುವವನ ದೇಹವು ಮಾಂಸಖಂಡಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಸಕ್ಕರೆಯನ್ನು ಮೊದಲು ವೆಚ್ಚಮಾಡುತ್ತದೆ. ಆ ಭಂಡಾರವು ದೂರದ ಓಟದಲ್ಲಿ ಬರಿದಾಗುತ್ತ ಬಂದಂತೆ ಕಾಲು ಸೀಸವಾಗುತ್ತದೆ, ಬುದ್ಧಿಯೂ ಮಂಕಾಗುತ್ತದೆ. ಪಟ್ಟಣದ ತರುಣರು ಅದಕ್ಕಾಗಿ ಸಣ್ಣ ಪೊಟ್ಟಣಗಳಲ್ಲಿ ಬರುವ ಒಂದು ಬಗೆಯ ಲೇಹ್ಯವನ್ನು ಹೀರುತ್ತಾರೆ. ಮಂಡ್ಯದವನಿಗೆ ಅಚ್ಚುಬೆಲ್ಲವಿರುವಾಗ ಲೇಹ್ಯವೇಕೆ?

ನಾಯಿಗಳ ವಿಷಯವನ್ನೂ ಮಂಡಿನೋವಿನ ವಿಷಯವನ್ನೂ ವಿಸ್ತರಿಸುವುದಿಲ್ಲ. ಎರಡೂ ಇವೆ. ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಮನೆಯ ಹೊರಗೆ ಕಾಲಿಡಬಾರದೆಂದು ಆಜ್ಞೆಯಾದಾಗ ನಮ್ಮ ಮಹಡಿಯ ಮೇಲೆ ಓಡಿದೆನು. ಅದರ ಉದ್ದ ಹತ್ತೊಂಬತ್ತು ಹೆಜ್ಜೆ. ಕೆಳಗಿನಿಂದ ನನ್ನ ಪತ್ನಿ, “ಸೂರು ಉದುರೀತು,” ಎಂದು ಕೂಗಿ ಹೇಳುತ್ತಿದ್ದಳು.

ಎಷ್ಟು ವೇಗವಾಗಿ ಓಡಬೇಕೆಂಬುದಕ್ಕೆ ನನ್ನ ಶಿಷ್ಯನು ಹೇಳಿದ ಸೂತ್ರ ಇಷ್ಟೆ: ಜೊತೆಯವನೊಡನೆ ಮಾತನಾಡಲು ಉಸಿರು ಸಾಕಾಗಬೇಕು. ಜೊತೆಯವರಿಲ್ಲದ ನಾನು ಶಬ್ದರೂಪಗಳನ್ನು ಹೇಳಿಕೊಳ್ಳುತ್ತೇನೆ. ರಾಮಶಬ್ದದ ಪ್ರಥಮಾ ವಿಭಕ್ತಿಯಿಂದ ಹೊರಟು ಒಂದೊಂದು ರೂಪಕ್ಕೆ ಎರಡೆರಡು ಹೆಜ್ಜೆ. ಸಪ್ತಮಿಯನ್ನು ಮುಟ್ಟುವುದರೊಳಗೆ ಉಸಿರು ತುಂಡಾದರೆ ವೇಗವು ಹೆಚ್ಚಾಯಿತೆಂದು ಅರ್ಥ. ವಾಗ್ಭಟನ ಅಷ್ಟಾಂಗಹೃದಯದಲ್ಲಿ, ದಿನಚರ್ಯೆಯ ಅಧ್ಯಾಯದಲ್ಲಿ, ಬಲವಂತನಾದವನು ಕೂಡ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದಿದೆ; ಅತಿಯಾಗಿ ಮಾಡುವವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುವನೆಂದೂ ಇದೆ. ಈಗಿನ ಶಿಕ್ಷಕರು ಗಡಿಯಾರದ ಯಂತ್ರದಿಂದ ಎದೆಬಡಿತವನ್ನೆಣಿಸಿ ಹೇಳುವುದೂ ಹೆಚ್ಚುಕಡಮೆ ಇದನ್ನೇ. ಆದರೆ ವಾಗ್ಭಟನನ್ನು ಸಾಕ್ಷಿಗೆ ಕರೆಯುವುದರಲ್ಲಿ ಒಂದು ಅಪಾಯವುಂಟು. ಅದೇ ಅಧ್ಯಾಯದಲ್ಲಿ, ಅದೇ ಪ್ರಸಂಗದಲ್ಲಿ, ಬಾಲನೂ ವೃದ್ಧನೂ ಅಜೀರ್ಣವುಳ್ಳವನೂ ವ್ಯಾಯಾಮವನ್ನು ಬಿಡತಕ್ಕದ್ದೆಂದು ಸ್ಪಷ್ಟವಾಗಿ ಹೇಳಿದೆ. ಈ ಮಾತು ಮುಂದೆ ನಮ್ಮ ಮನೆಯಲ್ಲಿ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು.

ಅದಕ್ಕೆ ಮೊದಲು ಪಂದ್ಯದ ವಿಷಯವನ್ನು ಹೇಳಬೇಕು. ನಮ್ಮ ಸೀಮೆಯಲ್ಲಿ ಇಂಥ ಓಟಗಳು ಈಚೆಗೆ ಬಹಳವಾಗಿವೆ. ಬೆಂಗಳೂರಿನ ಹತ್ತು ಕಿಲೋಮೀಟರಿನ ದೊಡ್ಡ ಓಟವು ೨೦೦೮ರಲ್ಲಿ ಆರಂಭವಾಯಿತು. ಆಮೇಲೆ ಊರೂರಿಗೂ ಹಬ್ಬಿತು. ನನಗೆ ಪ್ರಿಯವಾದದ್ದು ಶ್ರೀರಂಗಪಟ್ಟಣದ ಸೀಮೆಯಲ್ಲಿ ನಾಲೆಯ ಏರಿಯ ಮೇಲೆ ಓಡುವ ಓಟ. ೨೦೨೫ರ ಸೆಪ್ಟೆಂಬರಿನಲ್ಲಿ ಅಲ್ಲಿ ಓಡಿದ್ದನ್ನೇ ಹೇಳುತ್ತೇನೆ. ಹೋದ ದಾರಿಯಲ್ಲಿಯೇ ಹಿಂದಿರುಗತಕ್ಕ ಮಾರ್ಗವದು. ಇದರಿಂದ ನಡುಸಾಲಿನವನಿಗೆ ಒಂದು ದೊಡ್ಡ ಲಾಭವುಂಟು: ಮುಂದಿನವರನ್ನು ಕಣ್ಣಾರೆ ಕಾಣುತ್ತಾನೆ. ನಾನಿನ್ನೂ ಏಳನೆಯ ಕಿಲೋಮೀಟರನ್ನು ಮುಗಿಸಿರಲಿಲ್ಲ. ಮೊದಲನೆಯವನು ತುದಿಯನ್ನು ಮುಟ್ಟಿ ತಿರುಗಿ ಎದುರಾಗಿ ಬಂದನು. ಅವನ ಪಾದ ನೆಲಕ್ಕೆ ತಾಗುವ ಸದ್ದೇ ಇಲ್ಲ. ಮುಖದಲ್ಲಿ ಶ್ರಮದ ಗುರುತಿಲ್ಲ, ಸಂತೋಷದ ಗುರುತೂ ಇಲ್ಲ. ಪಾಣಿನಿಯ ಸೂತ್ರದ ಹಾಗೆ, ಒಂದಕ್ಷರ ಹೆಚ್ಚಿಲ್ಲ ಕಡಮೆಯಿಲ್ಲ. ನಾವು ನಡುಸಾಲಿನವರು ಓಡುತ್ತಲೇ ಚಪ್ಪಾಳೆ ತಟ್ಟಿದೆವು. ಅವನು ನೋಡಲಿಲ್ಲ. ನೋಡಬಾರದು ಕೂಡ.

ಆ ಮೇಲಿನ ಒಂದು ಗಂಟೆ ನಮ್ಮ ಲೋಕ. ಮುಂದಿನವರು ಹೋಗಿಬಿಟ್ಟಿರುತ್ತಾರೆ, ಹಿಂದಿನವರು ನಡೆಯಲಾರಂಭಿಸಿರುತ್ತಾರೆ, ನಡುವೆ ನಮ್ಮಂಥವರು. ಬ್ಯಾಂಕಿನ ಗುಮಾಸ್ತರು, ಉಪಾಧ್ಯಾಯಿನಿಯರು, ರಾತ್ರಿಯ ಪಾಳಿ ಮುಗಿಸಿ ನೇರವಾಗಿ ಬಂದ ಕಾರ್ಖಾನೆಯವರು. ಹೆಸರು ಗೊತ್ತಿರುವುದಿಲ್ಲ; ಬೆನ್ನು ಗೊತ್ತಿರುತ್ತದೆ. ಐವತ್ತರ ಆಸುಪಾಸಿನ ಒಬ್ಬ ತಾಯಿಯನ್ನು ನಾನು ನಾಲ್ಕಾರು ಓಟಗಳಲ್ಲಿ ಕಂಡಿದ್ದೇನೆ. ಪ್ರತಿಸಲವೂ ಹದಿನೈದು ಹದಿನಾರನೆಯ ಕಿಲೋಮೀಟರಿನಲ್ಲಿ ನನ್ನನ್ನು ಹಿಂದೆ ಹಾಕಿ, “ಬನ್ನಿ ಮೇಷ್ಟ್ರೇ,” ಎಂದು ಮುಂದೆ ಹೋಗುವರು. ಎರಡು ವರ್ಷ ಅವರು ಕಾಣಲಿಲ್ಲ. ಈ ಸಲ ಕಂಡರು. ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ನೋಡಿಕೊಳ್ಳುತ್ತಿದ್ದುದಾಗಿಯೂ, ಅವರು ಈಗ ಇಲ್ಲವೆಂದೂ ಹೇಳಿದರು. ಅದನ್ನು ಕುರಿತು ಒಂದು ಕಿಲೋಮೀಟರು ಮಾತನಾಡಿದೆವು, ಉಸಿರು ಬಿಟ್ಟಷ್ಟು. ಆಮೇಲೆ ಒಂದು ಕಿಲೋಮೀಟರು ಸುಮ್ಮನೆ ಓಡಿದೆವು. ಹದಿನಾರನೆಯದರಲ್ಲಿ, ರೂಢಿಯಂತೆ, “ಬನ್ನಿ ಮೇಷ್ಟ್ರೇ,” ಎಂದರು.

ಇಲ್ಲಿ ನಡುಸಾಲಿನವರ ಒಂದು ದೂರನ್ನೂ ಹೇಳಿಬಿಡಬೇಕು. ಕೆಲವು ಓಟಗಳಲ್ಲಿ, ಯಾವ ಊರಿನದೆಂದು ಹೇಳುವುದು ಬೇಡ, ನೀರಿನ ಮೇಜುಗಳನ್ನು ಮುಂದಿನವರ ಲೆಕ್ಕದಲ್ಲಿ ತುಂಬಿಸಿರುತ್ತಾರೆ. ನಾವು ಮುಟ್ಟುವ ಹೊತ್ತಿಗೆ ಮೇಜಿನ ಮೇಲೆ ಬರಿಯ ಲೋಟಗಳು. ಜಂಘಾಲನು ಒಂದು ಕಾಲು ಗಂಟೆಯಲ್ಲಿ, ತಂಪು ಹೊತ್ತಿನಲ್ಲಿ, ಓಟವನ್ನು ಮುಗಿಸಿಕೊಂಡು ಹೋಗುತ್ತಾನೆ. ಅವನಿಗೆ ನೀರು ಹೇರಳ. ಬಿಸಿಲೇರಿದ ಮೇಲೆ ಇನ್ನೂ ದಾರಿಯಲ್ಲಿರುವವರು ನಾವು. ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿಗೆ ಪಾಯಸ ಮುಗಿದಂತೆ ಇದು. ಶ್ರೀರಂಗಪಟ್ಟಣದ ಓಟದಲ್ಲಿ ಹಾಗಾಗಲಿಲ್ಲವೆಂದು ಸಂತೋಷದಿಂದ ಬರೆಯುತ್ತೇನೆ. ಆದರೆ ಬಿಸಿಲೇನೋ ಇತ್ತು. ಹದಿನೇಳರಿಂದ ಮುಂದೆ ಮೋಡ ಸರಿದು ಏರಿಯ ಮಣ್ಣು ಬೆಳ್ಳಗೆ ಹೊಳೆಯಿತು. ನನ್ನ ರಾಮಶಬ್ದವು ತೃತೀಯೆಯಲ್ಲಿಯೇ ತುಂಡಾಗತೊಡಗಿತು. ಹೆಜ್ಜೆಯನ್ನು ತಗ್ಗಿಸಿದೆ, ಚತುರ್ಥಿಯಲ್ಲಿ ತುಂಡಾಯಿತು, ಇನ್ನೂ ತಗ್ಗಿಸಿದೆ. ಬೆಲ್ಲದ ಚೂರು ಬಾಯಲ್ಲಿ ಕರಗದೆ ಕುಳಿತಿತು. ಬಿದಿರ ಮೆಳೆಯೊಂದರ ನೆರಳನ್ನು ದಾಟುವಾಗ ಅಲ್ಲಿ ಕುಳಿತುಬಿಡೋಣವೆಂದು ಕಾಲುಗಳು ಬೇಡಿಕೊಂಡವು. ನಾನು ಅವುಗಳಿಗೆ ಉತ್ತರ ಕೊಡಲಿಲ್ಲ. ಮಾತಿಗೆ ಮಾತು ಬೆಳೆಸಿದರೆ ಕಾಲೇ ಗೆಲ್ಲುತ್ತದೆಂದು ತರಗತಿಯ ಹಿಂದಿನ ಬೆಂಚನ್ನು ಆಳಿದವನಿಗೆ ಗೊತ್ತು. ಗುರಿಯನ್ನು ಮುಟ್ಟಿದಾಗ ೨ ಗಂಟೆ ೪೭ ನಿಮಿಷ. ಕೊರಳಿಗೆ ಪದಕ ಹಾಕಿದ 
ಹುಡುಗಿಗೆ ನನ್ನ ಮೊಮ್ಮಗಳ ವಯಸ್ಸು.

ಮನೆಗೆ ಬಂದು ಆ ಅಂಕಿಯನ್ನು ಪುಸ್ತಕದಲ್ಲಿ ಬರೆದೆನು. ಅಂಕಪಟ್ಟಿಯ ಅಭ್ಯಾಸವು ಬಿಟ್ಟೀತೆ? ೨೦೨೦ರಿಂದೀಚೆಗೆ ಕಾಲವು ಇಪ್ಪತ್ತು ನಿಮಿಷ ಬೆಳೆದಿದೆ. ವರ್ಷಕ್ಕೆ ಸುಮಾರು ಮೂರೂವರೆ ನಿಮಿಷ. ಈ ಓಟಕ್ಕೆ ವ್ಯವಸ್ಥಾಪಕರು ಇಟ್ಟಿದ್ದ ಗಡುವು ಮೂರು ಗಂಟೆ. ಅದು ಮೀರಿದರೆ ಹಿಂದಿನಿಂದ ಒಂದು ಗಾಡಿ ಬಂದು, ಬಹು ವಿನಯದಿಂದಲೇ, ಹತ್ತಿ ಕುಳಿತುಕೊಳ್ಳಿರೆಂದು ಹೇಳುತ್ತದೆ. ಉಳಿದಿರುವುದು ಹದಿಮೂರು ನಿಮಿಷ. ಭಾಗಿಸಿದರೆ ಸುಮಾರು ಮೂರುಮುಕ್ಕಾಲು ವರ್ಷ. ಎಂದರೆ ೨೦೨೯ರ ಹೊತ್ತಿಗೆ, ನನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಆ ಗಾಡಿ ನನ್ನನ್ನು ಹಿಡಿಯುತ್ತದೆ. ಅಭ್ಯಾಸವನ್ನು ಹೆಚ್ಚಿಸಿ ಈ ಲೆಕ್ಕವನ್ನು ಸುಳ್ಳುಮಾಡಬಹುದೆಂದು ಶಿಷ್ಯನು ಹೇಳುತ್ತಾನೆ. ಒಂದೆರಡು ವರ್ಷ ತಳ್ಳಬಹುದು. ಸುಳ್ಳುಮಾಡುವುದು ಯಾರಿಂದಲೂ ಆಗದು. ಮೊದಲ ಮೂರು ವರ್ಷ ನಾನು ಪ್ರತಿಸಲವೂ ಹಿಂದಿನ ಸಲಕ್ಕಿಂತ ಬೇಗ ಓಡುತ್ತಿದ್ದೆ; ಆ ಹುರುಪು ಬೇರೆ. ಈಗ ಪ್ರತಿಸಲವೂ ಸ್ವಲ್ಪ ಸೋಲುವುದಕ್ಕೆಂದೇ ತಿಂಗಳುಗಟ್ಟಲೆ ಸಿದ್ಧನಾಗುತ್ತೇನೆ. ಇದರಲ್ಲಿ ಎಂಥ ರುಚಿಯೆಂದು ಕೇಳಿದರೆ, ಇದೆ ಎಂದಷ್ಟೇ ಹೇಳಬಲ್ಲೆ.

ಪುಸ್ತಕವನ್ನು ಮುಚ್ಚುವ ಮೊದಲೇ ನನ್ನ ಪತ್ನಿ ಅದನ್ನು ನೋಡಿದಳು. ಅವಳದು ಬೇರೆ ಲೆಕ್ಕ. ಅವಳ ಅಣ್ಣಂದಿರು, ವಕೀಲರು, ೨೦೧೪ರಲ್ಲಿ ಬೆಳಗಿನ ವಾಯುಸಂಚಾರಕ್ಕೆ ಹೋದವರು ಹಿಂದಿರುಗಲಿಲ್ಲ. ಉದ್ಯಾನದ ಕಲ್ಲುಬೆಂಚಿನ ಮೇಲೆ ಹೃದಯ ನಿಂತಿತು. ಆಗ ಅವರಿಗೆ ಅರುವತ್ತೆರಡು. ಅಂದಿನಿಂದ ಬೆಳಗ್ಗೆ ಮನೆ ಬಿಟ್ಟವರು ಬರುವ ಹೊತ್ತು ಮೀರಿದರೆ ಅವಳು ಬಾಗಿಲಿಗೂ ಬೀದಿಗೂ ತಿರುಗುತ್ತಾಳೆ. ಇದರ ಮೇಲೆ ಮೊಮ್ಮಗನು ಶಾಲೆಯಲ್ಲಿ ಕಲಿತ ಕಥೆಯನ್ನು ಅವಳಿಗೆ ಹೇಳಿದ್ದನು: ಮ್ಯಾರಥಾನ್ ಯುದ್ಧದಲ್ಲಿ ಗ್ರೀಕರು ಗೆದ್ದ ವಾರ್ತೆಯನ್ನು ಹೊತ್ತು ಅಥೆನ್ಸಿಗೆ ಓಡಿದ ಫೈಡಿಪ್ಪಿಡೀಸನು ವಾರ್ತೆಯನ್ನು ಹೇಳಿ ಅಲ್ಲಿಯೇ ಬಿದ್ದು ಸತ್ತನೆಂದು.

“ಮೊದಲನೆಯವನೇ ಸತ್ತನಂತಲ್ಲ. ಅದನ್ನು ನೋಡಿಯೂ ಜನ ಓಡುತ್ತಾರಲ್ಲ,” ಎಂದಳು.

ನಾನು ಪಾಠಾಂತರದ ವಿಚಾರವನ್ನು ಎತ್ತಿಕೊಂಡೆನು. ಯುದ್ಧ ನಡೆದದ್ದು ಕ್ರಿಸ್ತಪೂರ್ವ ೪೯೦ರಲ್ಲಿ. ಅದೇ ಶತಮಾನದಲ್ಲಿ ಚರಿತ್ರೆಯನ್ನು ಬರೆದ ಹೆರೊಡೋಟಸನು ಹೇಳುವ ಕಥೆಯೇ ಬೇರೆ. ಫೈಡಿಪ್ಪಿಡೀಸನು ದಿನವೆಲ್ಲ ಓಡುವುದನ್ನೇ ವೃತ್ತಿಯಾಗಿ ಉಳ್ಳ ದೂತ, ಎಂದರೆ ಅಮರನ ಜಾಂಘಿಕ. ಯುದ್ಧಕ್ಕೆ ಮುಂಚೆ ಸಹಾಯ ಕೇಳಲು ಅಥೆನ್ಸಿನಿಂದ ಸ್ಪಾರ್ಟಕ್ಕೆ ಓಡಿ ಮರುದಿನವೇ ಮುಟ್ಟಿದನು. ಅವನು ಸತ್ತನೆಂದು ಹೆರೊಡೋಟಸನು ಎಲ್ಲಿಯೂ ಹೇಳುವುದಿಲ್ಲ. ಅಥೆನ್ಸಿಗೆ ಓಡಿ ವಾರ್ತೆ ಹೇಳಿ ಸತ್ತನೆಂದು ಆತನ ಹೆಸರಿನಲ್ಲಿ ಕಾಣುವುದು ಆರು ನೂರು ವರ್ಷಗಳ ತರುವಾಯದ ಲೂಷಿಯನ್ ಎಂಬವನ ಬರೆಹದಲ್ಲಿ. “ಆದಕಾರಣ ಮರಣಪ್ರಸಂಗವು ಪ್ರಕ್ಷಿಪ್ತ,” ಎಂದು ತೀರ್ಮಾನ ಕೊಟ್ಟೆನು.

“ಪ್ರಕ್ಷಿಪ್ತವೋ ಮೂಲವೋ, ನಮ್ಮಣ್ಣ ಸತ್ತದ್ದು ಪ್ರಕ್ಷಿಪ್ತವಲ್ಲ,” ಎಂದಳು.

ಇದಕ್ಕೆ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ವಾಗ್ಭಟನನ್ನು ತೆಗೆದಳು. ನಲವತ್ತು ವರ್ಷ ನನ್ನೊಡನೆ ಬಾಳಿದವಳಿಗೆ ನನ್ನ ಗ್ರಂಥಗಳಲ್ಲಿ ನನಗೆ ಪ್ರತಿಕೂಲವಾದ ಭಾಗಗಳು ಚೆನ್ನಾಗಿ ಗೊತ್ತು. ವೃದ್ಧನು ವ್ಯಾಯಾಮವನ್ನು ಬಿಡಬೇಕೆಂದು ಹೇಳಿದೆಯೇ ಇಲ್ಲವೇ? ಹೇಳಿದೆ. ಆದರೆ ವೃದ್ಧನೆಂದರೆ ಯಾರು? ಅದೇ ವಾಗ್ಭಟನು ಶಾರೀರಸ್ಥಾನದಲ್ಲಿ ವಯಸ್ಸನ್ನು ವಿಭಾಗಿಸುತ್ತಾನೆ: ಹದಿನಾರರವರೆಗೆ ಬಾಲ್ಯ, ಎಪ್ಪತ್ತರವರೆಗೆ ಮಧ್ಯ, ಅಲ್ಲಿಂದ ಮುಂದೆ ಕ್ಷಯ. ಪುಸ್ತಕವನ್ನು ತಂದು ಆ ಸ್ಥಳವನ್ನು ತೋರಿಸಿದೆನು. ಅವಳು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿ, “ಹಾಗಾದರೆ ಇನ್ನು ನಾಲ್ಕು ವರ್ಷ ನೀವು ನಡುವಯಸ್ಸಿನವರು,” ಎಂದಳು. ನನ್ನ ಪುಸ್ತಕದ ಲೆಕ್ಕವೂ ಅಲ್ಲಿಗೇ ಬಂದು ನಿಂತಿದ್ದುದನ್ನು ಇಬ್ಬರೂ ಗಮನಿಸಿದೆವು. ಇಬ್ಬರೂ ಆ ಮಾತನ್ನು ಆಡಲಿಲ್ಲ.

ಅವಳು ಒಂದು ಷರತ್ತು ಹಾಕಿದಳು. ಹೃದಯದ ಪರೀಕ್ಷೆಯಾಗಬೇಕು. ಆಯಿತು. ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ, ಚಲಿಸುವ ಪಟ್ಟಿಯ ಯಂತ್ರದ ಮೇಲೆ ನನ್ನನ್ನು ಹತ್ತಿಸಿ, ಮೂರು ಮೂರು ನಿಮಿಷಕ್ಕೆ ಅದರ ವೇಗವನ್ನೂ ಏರನ್ನೂ ಹೆಚ್ಚಿಸಿದರು. ಎಂಟು ವರ್ಷ ಓಡಿದವನು ಇದ್ದಲ್ಲಿಯೇ ಓಡುವುದು ಎಂಥ ಅವಮಾನ! ಗಾಜಿನ ಆಚೆ ಅವಳು ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಓಡುವುದನ್ನು ಅವಳು ಕಂಡದ್ದು ಅದೇ ಮೊದಲು. ನಾನು ಹೊರಡುವುದನ್ನೂ ಬರುವುದನ್ನೂ ಕಂಡಿದ್ದಳೇ ಹೊರತು ಓಡುವುದನ್ನಲ್ಲ. ವೈದ್ಯರು ಗೆರೆಗಳನ್ನು ನೋಡಿ, ಸದ್ಯಕ್ಕೆ ಭಯವಿಲ್ಲವೆಂದೂ, ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂದೂ, ಎದೆಯಲ್ಲಿ ಹಿಡಿತವೋ ಎಡಗೈಯಲ್ಲಿ ನೋವೋ ಕಂಡರೆ ಗಡುವನ್ನು ನೋಡದೆ ನಿಂತುಬಿಡಬೇಕೆಂದೂ ಹೇಳಿದರು. ಸಕ್ಕರೆಯ ಅಂಕಿ ೬.೬ಕ್ಕೆ ಇಳಿದಿತ್ತು, ಮಾತ್ರೆ ಅರ್ಧವಾಗಿದೆ. ಹೊರಗೆ ಬಂದ ಮೇಲೆ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ, “ನೋಡಿ, ನಿಮಗೆ ಓಡುವುದು ಒಂದು ಕೆಲಸ. ನನಗೆ ಕಾಯುವುದು ಒಂದು ಕೆಲಸ. ನಿಮ್ಮದಕ್ಕೆ ಪದಕ ಕೊಡುತ್ತಾರೆ,” ಎಂದಳು.

ಮುಂದಿನ ಓಟಕ್ಕೆ ಹಣ ಕಟ್ಟಿದ್ದೇನೆ. ಕಟ್ಟಿದ ದಿನ ಸಂಜೆ ಅವಳು ಮೊರದಲ್ಲಿ ಅಕ್ಕಿಯ ಕಲ್ಲನ್ನು ಆರಿಸುತ್ತ ಕೇಳಿದಳು:

“ಎಷ್ಟು ಹೊತ್ತಿಗೆ ಬಿಡುತ್ತಾರೆ?”

“ಆರು ಗಂಟೆಗೆ.”

“ಈ ಸಲ ಎಷ್ಟು ಹಿಡಿಯುತ್ತದೆ? ಸರಿಯಾಗಿ ಹೇಳಿ.”

“೨ ಗಂಟೆ ೫೦ ನಿಮಿಷ. ಬಿಸಿಲಿದ್ದರೆ ಎರಡು ಮೂರು ನಿಮಿಷ ಹೆಚ್ಚು.”

“ಬಸ್ಸಿಗೆ ಒಂದು ಗಂಟೆ. ಹತ್ತೂವರೆಗೆ ಬಾಗಿಲಲ್ಲಿರಬೇಕು,” ಎಂದು ಅವಳು ಮನಸ್ಸಿನಲ್ಲಿಯೇ ಕೂಡಿಕೊಂಡು, “ಹಾಗಾದರೆ ಹತ್ತಕ್ಕೆ ಅನ್ನಕ್ಕಿಡುತ್ತೇನೆ,” ಎಂದಳು.